ಕಳ್ಳು, ಕಿಣ್ವ, ಕಾನೂನು

ತೆಂಗಿನ ಮರವನ್ನು ಕಲ್ಪವೃಕ್ಷವೆಂದು ಕೊಂಡಾಡುವ ಪಾಠವನ್ನು ಓದದೆ ನಮ್ಮ ಕರಾವಳಿಯ ಶಾಲೆಗಳಿಂದ ಹೊರಬಿದ್ದವರು ವಿರಳ. ಎಳನೀರು, ಕಾಯಿ, ಕೊಬ್ಬರಿ, ಎಣ್ಣೆ, ನಾರು, ಗರಿ, ಹಿಡಿಸೂಡಿ, ಕರಟ ಎಂದು ಒಂದೊಂದನ್ನೇ ಎಣಿಸುತ್ತ ಹೋಗುವ ಮಾಸ್ತರರ ಧ್ವನಿ ಹೊಂಬಾಳೆಯ ಬಳಿಗೆ ಬಂದೊಡನೆ ಸ್ವಲ್ಪ ತಗ್ಗುತ್ತದೆ. ಇದರಿಂದ ಕಳ್ಳನ್ನೂ ಇಳಿಸುತ್ತಾರೆ ಎಂಬ ಒಂದೇ ವಾಕ್ಯದಲ್ಲಿ ವಿಷಯ ಮುಗಿದು ಪಾಠ ಮುಂದಕ್ಕೆ ಸಾಗುತ್ತದೆ. ಮಾಸ್ತರರ ಸಂಕೋಚಕ್ಕೆ ಕಾರಣವಿಲ್ಲದಿಲ್ಲ. ಕುಡಿತವು ಎಷ್ಟು ಸಂಸಾರಗಳನ್ನು ಕೆಡಿಸಿತೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಆ ಒಂದು ವಾಕ್ಯದ ಹಿಂದೆ ನಮ್ಮ ಕಾಸರಗೋಡಿನ ನೂರಾರು ವರ್ಷಗಳ ಚರಿತ್ರೆ ಅವಿತುಕೊಂಡಿದೆ. ರಸಾಯನಶಾಸ್ತ್ರವೂ ನ್ಯಾಯಶಾಸ್ತ್ರವೂ ಅದರಲ್ಲಿ ಸೇರಿಕೊಂಡಿವೆ.

ನಾನು ವಿಚಾರಿಸಹೊರಟಿರುವ ಪ್ರಶ್ನೆ ಚಿಕ್ಕದು. ಮನೆಯ ಹಿತ್ತಿಲಿನ ಮರದಿಂದ ತೊಟ್ಟಿಕ್ಕುವ ಸಿಹಿರಸವು ಯಾವ ಗಳಿಗೆಯಲ್ಲಿ ಮದ್ಯವಾಗುತ್ತದೆ? ಪ್ರಕೃತಿ ಇದಕ್ಕೆ ಒಂದು ಉತ್ತರವನ್ನು ಕೊಡುತ್ತದೆ, ಕಾನೂನು ಇನ್ನೊಂದನ್ನು ಕೊಡುತ್ತದೆ. ಮರ ಉಳ್ಳವನ, ಮರ ಹತ್ತುವವನ ಮತ್ತು ಅಡುಗೆಯ ಮನೆಯ ಗೃಹಿಣಿಯ ಪಾಲಿಗೆ ಏನು ಉಳಿಯಿತು, ಏನು ಹೋಯಿತು ಎಂಬುದು ಈ ಎರಡು ಉತ್ತರಗಳ ನಡುವಣ ಅಂತರದಿಂದ ನಿರ್ಣಯವಾಗಿದೆ.

ದೂರದ ಒಂದು ದೇಶದ ಪದ್ಧತಿಯನ್ನು ಮೊದಲು ನೋಡಿದರೆ ವಿಷಯ ತಿಳಿಯಾಗುತ್ತದೆ. ಬಿಯರ್ ಎಂಬ ಪಾನೀಯವನ್ನು ಮಾಡುವುದಕ್ಕೆ ಬಾರ್ಲಿಯನ್ನು ನೆನೆಹಾಕಿ ಮೊಳಕೆ ಬರಿಸಿ ಒಣಗಿಸುತ್ತಾರೆ. ಬಳಿಕ ಅದನ್ನು ನುಚ್ಚುಮಾಡಿ, ಸುಮಾರು 65 ಡಿಗ್ರಿ ಸೆಂಟಿಗ್ರೇಡಿನ ಬಿಸಿನೀರಿನಲ್ಲಿ ಇಡುತ್ತಾರೆ. ಆಗ ಕಾಳಿನೊಳಗಣ ಪಿಷ್ಟವೆಲ್ಲ ಸಕ್ಕರೆಯಾಗಿ ನೀರಿಗಿಳಿಯುತ್ತದೆ. ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಕುದಿಸಿದ ಆ ಸಿಹಿರಸಕ್ಕೆ ವರ್ಟ್ ಎಂದು ಹೆಸರು. ಆ ತನಕ ಅದರಲ್ಲಿ ಮದ್ಯಸಾರದ ಲವಲೇಶವೂ ಇಲ್ಲ. ಆಸ್ಟ್ರೇಲಿಯಾ ದೇಶದಲ್ಲಿ ಈ ರಸವನ್ನು ಬಿಸಿಯಾಗಿರುವಾಗಲೇ 15-20 ಲೀಟರಿನ ಪ್ಲಾಸ್ಟಿಕ್ ಡಬ್ಬಗಳಲ್ಲಿ ತುಂಬಿ ಬಾಯಿ ಬಿಗಿದು ಅಂಗಡಿಯಲ್ಲಿ ಮಾರುತ್ತಾರೆ. ಕೊಂಡವನು ಮನೆಗೆ ತಂದು, ಶುಚಿಯಾದ ಪಾತ್ರೆಗೆ ಸುರಿದು, ಚಿಟಿಕೆಯಷ್ಟು ಯೀಸ್ಟನ್ನು ಉದುರಿಸಿ ಒಂದೆರಡು ವಾರ ಇಟ್ಟರೆ ಬಿಯರ್ ಸಿದ್ಧವಾಯಿತು. ಮಾರುವುದಕ್ಕಲ್ಲದೆ ತನ್ನ ಬಳಕೆಗಾಗಿ ಮಾಡಿಕೊಂಡರೆ ಅಲ್ಲಿನ ಸರಕಾರವು ಅದಕ್ಕೆ ಸುಂಕವನ್ನೂ ಕೇಳುವುದಿಲ್ಲ. ಅಂಗಡಿಯವನು ಮಾರಿದುದು ಬರಿಯ ಸಿಹಿನೀರು, ಅದನ್ನು ಮದ್ಯ ಮಾಡಿದುದು ಮನೆಯವನ ಯೀಸ್ಟು ಎಂಬ ತರ್ಕ ಅಲ್ಲಿ ನಡೆಯುತ್ತದೆ.

ಈಗ ನಮ್ಮ ಮರದ ಕಡೆಗೆ ತಿರುಗಿರಿ. ಮೊಳಕೆ ಬರಿಸುವುದು, ಬೇಯಿಸುವುದು, ಸೋಸುವುದು ಎಂಬ ಯಾವ ಶ್ರಮವೂ ಇಲ್ಲದೆ ತೆಂಗು ತನ್ನ ಹೊಂಬಾಳೆಯ ತುದಿಯಲ್ಲಿ ಸಿದ್ಧವಾದ ಸಿಹಿರಸವನ್ನು ಕೊಡುತ್ತದೆ. ಬಾರ್ಲಿಯ ರಸದಲ್ಲಿ ನೂರಕ್ಕೆ ಹತ್ತು-ಹನ್ನೆರಡು ಭಾಗ ಸಕ್ಕರೆ ಇದ್ದರೆ ತೆಂಗಿನ ರಸದಲ್ಲಿ ಹನ್ನೆರಡರಿಂದ ಹದಿನೈದು ಭಾಗದವರೆಗೆ ಉಂಟು. ಯೀಸ್ಟನ್ನು ಕೊಳ್ಳಬೇಕಾದ ಅಗತ್ಯವೂ ಇಲ್ಲ. ಗಾಳಿಯಲ್ಲಿ, ಹೊಂಬಾಳೆಯ ಮೈಯಲ್ಲಿ, ನಿನ್ನೆಯ ಕಳ್ಳಿನ ಪಸೆ ಆರದ ಗಡಿಗೆಯಲ್ಲಿ ಅದು ತಾನಾಗಿ ನೆಲಸಿದೆ. ಪರದೇಶದವರು ಕಾರ್ಖಾನೆಯಲ್ಲಿ ಮಾಡಿ ಡಬ್ಬದಲ್ಲಿ ತುಂಬಿದ ಪದಾರ್ಥ ನಮ್ಮಲ್ಲಿ ಮರದ ತಲೆಯ ಮೇಲೆ ತೂಗುತ್ತದೆ. ವ್ಯತ್ಯಾಸ ಒಂದೇ. ಡಬ್ಬದ ರಸ ಮನುಷ್ಯನು ಯೀಸ್ಟು ಹಾಕುವವರೆಗೆ ಕಾಯುತ್ತದೆ. ಮರದ ರಸ ಯಾರಿಗೂ ಕಾಯುವುದಿಲ್ಲ. ಗಡಿಗೆಗೆ ಬಿದ್ದ ಮೊದಲ ಹನಿ ಕೊನೆಯ ಹನಿ ಬೀಳುವುದರೊಳಗೆ ಹುಳಿಯತೊಡಗಿರುತ್ತದೆ. ಮುಂದಿನ ಚರಿತ್ರೆಯ ತೊಡಕುಗಳೆಲ್ಲ ಈ ಒಂದು ಅವಸರದಿಂದ ಹುಟ್ಟಿದವು.

ಮನೆಯ ಗಡಿಗೆಗೂ ರಾಜ್ಯದ ಬೊಕ್ಕಸಕ್ಕೂ ಇರುವ ಈ ವ್ಯವಹಾರ ಬ್ರಿಟಿಷರಿಂದ ಆರಂಭವಾಯಿತೆಂದು ಭಾವಿಸಬಾರದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಒಂದು ಓಲೆಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದುದು ಕನ್ನಡನಾಡಿನ ಕೀರ್ತಿಗಳಲ್ಲಿ ಒಂದು. ಆ ಗ್ರಂಥದ ಎರಡನೆಯ ಅಧಿಕರಣದ ಇಪ್ಪತ್ತೈದನೆಯ ಅಧ್ಯಾಯವು ಸುರಾಧ್ಯಕ್ಷನೆಂಬ ಅಧಿಕಾರಿಗೆ ಮೀಸಲಾಗಿದೆ. ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಸಾವಿರದ ಐನೂರು ವರ್ಷಗಳಿಗಿಂತ ಈಚಿನದೆಂದು ಹೇಳುವವರು ಕಡಮೆ. ಅಲ್ಲಿ ಸುರೆಯ ತಯಾರಿಕೆ, ಮಾರಾಟಗಳು ರಾಜನ ಹತೋಟಿಯಲ್ಲಿವೆ. ರಾಜನದಲ್ಲದ ಸರಕನ್ನು ಮಾರುವವರು ನೂರಕ್ಕೆ ಐದರಂತೆ ಶುಲ್ಕ ತೆರಬೇಕು. ಇಷ್ಟು ಬಿಗಿಯಾದ ಕಟ್ಟಳೆಯ ನಡುವೆಯೂ ಕೌಟಿಲ್ಯನು ಒಂದು ಕಿಂಡಿಯನ್ನು ಬಿಟ್ಟಿದ್ದಾನೆ. ಸಂಸಾರಸ್ಥರು ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಉತ್ಸವ, ಜಾತ್ರೆ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ತಯಾರಿಕೆಗೆ ಅಪ್ಪಣೆ ಕೊಡಬೇಕು. ಕಠಿಣ ದಂಡನೀತಿಗೆ ಹೆಸರಾದ ಆಚಾರ್ಯನಿಗೆ ಮನೆಯ ಹೊಸ್ತಿಲು ಎಲ್ಲಿದೆಯೆಂಬುದು ಗೊತ್ತಿತ್ತು.

ಅದೇ ಅಧ್ಯಾಯದಲ್ಲಿ ಸುರೆಯ ಪಾಕಗಳೂ ಇವೆ. ಮೇದಕವೆಂಬ ಬಗೆಗೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಳತೆ. ಒಂದು ದ್ರೋಣಕ್ಕೆ ಹದಿನಾರು ಪ್ರಸ್ಥಗಳಾದ್ದರಿಂದ ಹದಿನಾರು ಪಾಲು ನೀರಿಗೆ ಎರಡು ಪಾಲು ಅಕ್ಕಿ, ಮೂರು ಪಾಲು ಕಿಣ್ವ ಎಂದಾಯಿತು. ಇದನ್ನು ತ್ರೈರಾಶಿಯ ಲೆಕ್ಕವಾಗಿ ಮಕ್ಕಳಿಗೆ ಕೊಡಬಾರದೇಕೆಂದು ಯಾರಾದರೂ ಕೇಳಿಯಾರು! ಉದ್ದಿನ ಹಿಟ್ಟಿಗೆ ಅಕ್ಕಿಯನ್ನೂ ಕೆಲವು ಮೂಲಿಕೆಗಳನ್ನೂ ಸೇರಿಸಿ ಆ ಕಿಣ್ವವನ್ನು ಕಟ್ಟುತ್ತಿದ್ದರು. ಉದ್ದು, ಅಕ್ಕಿ, ಒಂದು ರಾತ್ರಿಯ ಹುಳಿ: ಇಡ್ಲಿಯ ಹಿಟ್ಟನ್ನು ಬಲ್ಲ ಯಾವ ಮನೆಗೂ ಇದು ಅಪರಿಚಿತ ವಿದ್ಯೆಯಲ್ಲ. ಕಿಣ್ವವನ್ನು ಹಸನುಮಾಡುವ ಕೆಲಸವನ್ನು ಸ್ತ್ರೀಯರೂ ಬಾಲಕರೂ ಮಾಡಬೇಕೆಂದು ಗ್ರಂಥ ಹೇಳುತ್ತದೆ. ಹುದುಗಿನ ಕೆಲಸ ಮೊದಲಿನಿಂದಲೂ ಅಡುಗೆಮನೆಯ ಕೈಗಳಿಗೆ ಸೇರಿದ್ದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕಿಣ್ವವೆಂಬ ಶಬ್ದದ ಮುಂದಿನ ಯಾತ್ರೆಯನ್ನು ಭಾಷಾಭ್ಯಾಸಿಗಳು ಗಮನಿಸಬೇಕು. ನಮ್ಮ ವಿಜ್ಞಾನದ ಪಠ್ಯಗಳಲ್ಲಿ ಇಂದು ಕಿಣ್ವವೆಂದರೆ ಎನ್‌ಜೈಮ್. ಆ ಪರಭಾಷೆಯ ಶಬ್ದವನ್ನು ಜರ್ಮನಿಯ ಕ್ಯೂನೆ ಎಂಬ ವಿಜ್ಞಾನಿ 1877ರಲ್ಲಿ ಟಂಕಿಸಿದನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಹುದುಗಿನೊಳಗಿರುವುದು ಎಂದರ್ಥ. ಹುದುಗು ಜೀವಂತವಾದ ಕಣಗಳ ಕೆಲಸವೆಂದು ಫ್ರಾನ್ಸಿನ ಪಾಸ್ತರನು 1857ರಿಂದ ಮುಂದಕ್ಕೆ ಪ್ರಯೋಗಗಳಿಂದ ತೋರಿಸಿದ್ದನು. 1897ರಲ್ಲಿ ಬುಖ್ನರನು ಯೀಸ್ಟನ್ನು ಅರೆದು ಹಿಂಡಿ, ಜೀವಕಣವಿಲ್ಲದ ಬರಿಯ ರಸವೂ ಸಕ್ಕರೆಯನ್ನು ಮದ್ಯಸಾರ ಮಾಡಬಲ್ಲುದೆಂದು ಕಂಡನು. ಅದಕ್ಕಾಗಿ ಅವನಿಗೆ 1907ರ ನೊಬೆಲ್ ಪಾರಿತೋಷಕ ದೊರೆಯಿತು. ಹೀಗೆ ಯುರೋಪಿನವರು ಹುದುಗಿನೊಳಗಿರುವುದಕ್ಕೆ ಹೊಸ ಹೆಸರು ಕಟ್ಟಿದಾಗ, ನಮ್ಮ ಪಾರಿಭಾಷಿಕ ಶಬ್ದಕಾರರು ಸುರೆಯ ಹುದುಗಿನ ಹಳೆಯ ಹೆಸರನ್ನೇ ಅದಕ್ಕೆ ತೊಡಿಸಿದರು. ನನಗೆ ತೋರುವಂತೆ ಇದಕ್ಕಿಂತ ಉಚಿತವಾದ ಅನುವಾದ ನಮ್ಮ ವಿಜ್ಞಾನದ ಪರಿಭಾಷೆಯಲ್ಲಿ ಹೆಚ್ಚಿಲ್ಲ.

ಕರಾವಳಿಗೆ ಬರೋಣ. ಕಳ್ಳಿಗೆ ನಮ್ಮ ಜಿಲ್ಲೆಯಲ್ಲಿ ಹೆಸರುಗಳು ಹಲವು. ಕನ್ನಡ ಮಲಯಾಳಗಳಲ್ಲಿ ಕಳ್ಳು, ತುಳುವಿನಲ್ಲಿ ಕಲಿ, ಕೊಂಕಣಿಯಲ್ಲಿ ಸೂರ್, ಕಚೇರಿಯ ಹಳೆಯ ಕನ್ನಡದಲ್ಲಿ ಶೇಂದಿ. ಇಳಿಸುವ ವೃತ್ತಿಗೆ ತುಳುನಾಡಿನಲ್ಲಿ ಮೂರ್ತೆಯೆಂದೂ ಚಂದ್ರಗಿರಿಯಿಂದ ತೆಂಕಲು ಚೆತ್ತು ಎಂದೂ ಹೆಸರು. ಬಡಗಲಲ್ಲಿ ಬಿಲ್ಲವರೂ ತೆಂಕಲಲ್ಲಿ ತೀಯರೂ ಈ ವಿದ್ಯೆಯನ್ನು ವಂಶಪರಂಪರೆಯಿಂದ ಕಾಪಾಡಿಕೊಂಡು ಬಂದರು. ಇದು ವಿದ್ಯೆಯೇ ಸರಿ. ಬಿರಿಯದ ಹೊಂಬಾಳೆಯನ್ನು ಹಗ್ಗದಿಂದ ಬಿಗಿಯಾಗಿ ಸುತ್ತಬೇಕು. ದಿನವೂ ಅದರ ಮೈಯನ್ನು ಎಲುಬಿನಿಂದಲೋ ಮರದ ಕೊಡತಿಯಿಂದಲೋ ಹದವಾಗಿ ತಟ್ಟಬೇಕು. ಪೆಟ್ಟು ಹೆಚ್ಚಾದರೆ ಒಳಗಿನ ಹೂ ನಲುಗಿ ಕೊಳೆಯುತ್ತದೆ, ಕಡಮೆಯಾದರೆ ರಸ ಇಳಿಯುವುದಿಲ್ಲ. ತುದಿಯನ್ನು ಹರಿತವಾದ ಕತ್ತಿಯಿಂದ ಎಳೆಯಷ್ಟು ತೆಳ್ಳಗೆ ಕೊಯ್ಯುತ್ತ, ಬಾಗಿಸುತ್ತ ಎರಡು ಮೂರು ವಾರ ಪರಿಚರ್ಯೆ ಮಾಡಿದ ಮೇಲೆ ಹನಿ ತೊಟ್ಟಿಕ್ಕತೊಡಗುತ್ತದೆ. ಅನಂತರ ಬೆಳಿಗ್ಗೆ, ಸಂಜೆ ತಪ್ಪದೆ ಮರ ಹತ್ತಬೇಕು. ಮಳೆಯೆಂದಾಗಲಿ ಹಬ್ಬವೆಂದಾಗಲಿ ಬಿಡುವಂತಿಲ್ಲ. ಒಂದು ಒಳ್ಳೆಯ ಮರ ದಿನಕ್ಕೆ ಒಂದೆರಡು ಲೀಟರು ರಸ ಕೊಟ್ಟೀತು. ಇಳಿಸಿದವನು ಸೊಂಟದ ಸೋರೆಬುರುಡೆಯಲ್ಲಿ ಅದನ್ನು ಹೊತ್ತು ಕೆಳಗಿಳಿಯುತ್ತಿದ್ದನು.

ಆ ರಸ ಹೋಗುತ್ತಿದ್ದ ದಾರಿಗಳನ್ನು ಗಡಂಗಿನ ಬಾಗಿಲಿನಿಂದ ಮಾತ್ರ ನೋಡಿದವರು ಪೂರ್ತಿಯಾಗಿ ಕಾಣಲಾರರು. ಮಂಜೇಶ್ವರ, ಬೇಳ ಮೊದಲಾದ ಕಡೆಗಳ ಕ್ರೈಸ್ತರ ಮನೆಗಳಲ್ಲಿ ಹಬ್ಬದ ಸಾನ್ನಾಂ ಉಬ್ಬುತ್ತಿದ್ದುದು ಹುಳಿಗಳ್ಳಿನಿಂದ. ಮಲಯಾಳಿಗಳ ಬಿಳಿಯಪ್ಪಕ್ಕೂ ಅದೇ ಹುದುಗು. ಎರಡು ಮೂರು ವಾರ ಹಳಸಿದ ಕಳ್ಳು ಮದ್ಯತನವನ್ನು ಕಳೆದುಕೊಂಡು ಮೀನಿನ ಸಾರಿಗೂ ಉಪ್ಪಿನಕಾಯಿಗೂ ಬೇಕಾದ ಹುಳಿಯಾಗುತ್ತಿತ್ತು. ಇಳಿಸಿದ ಕೂಡಲೇ ಕುದಿಸಿ ಬತ್ತಿಸಿದರೆ ಬೆಲ್ಲ. ದೈವಸ್ಥಾನಗಳ ಕಟ್ಟಳೆ ಬೇರೆಯೇ. ನೀಲೇಶ್ವರದ ಮನ್ನಂಪುರತ್ತು ಕಾವಿನ ಕಲಶೋತ್ಸವದೊಂದಿಗೆ ಆ ಸೀಮೆಯ ತೆಯ್ಯಂಗಳ ಋತು ಮುಗಿಯುತ್ತದೆ. ಕಲಶವೆಂಬ ಆ ಮಾತಿನ ಒಳಗಿರುವುದು ಕಳ್ಳೇ. ಒಂದೇ ಗಡಿಗೆಯ ರಸ ಗಳಿಗೆ ಗಳಿಗೆಗೆ ಶರಬತ್ತು, ಬೆಲ್ಲ, ಹುದುಗು, ಮದ್ಯ, ಹುಳಿಯೆಂದು ವೇಷ ಬದಲಿಸುತ್ತಿತ್ತು. ಯಾವ ವೇಷದಲ್ಲಿ ಅದನ್ನು ಹಿಡಿದು ನಿಲ್ಲಿಸಬೇಕೆಂಬುದು ಮನೆಯವರ ಅರಿವಿಗೆ ಬಿಟ್ಟ ವಿಷಯವಾಗಿತ್ತು.

1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕನ್ನಡ ಜಿಲ್ಲೆ ಕಂಪನಿಯ ವಶವಾಯಿತು. 1862ರಲ್ಲಿ ಅದನ್ನು ಇಬ್ಭಾಗಿಸಿದಾಗ ಕಾಸರಗೋಡು ಸೇರಿದ ದಕ್ಷಿಣ ಕನ್ನಡ ಮದ್ರಾಸಿನಲ್ಲಿಯೇ ಉಳಿಯಿತು. ಮದ್ರಾಸು ಸರಕಾರವು 1886ರಲ್ಲಿ ಮಾಡಿದ ಅಬ್ಕಾರಿ ಕಾಯಿದೆ ನಮ್ಮ ಕಥೆಯ ತಿರುಗುಮೂಲೆ. ಅಬ್ಕಾರಿಯೆಂದರೆ ಪಾರಸಿಯಲ್ಲಿ ನೀರಿನ ಕೆಲಸ ಎಂದಷ್ಟೇ ಅರ್ಥ; ಬೊಕ್ಕಸಕ್ಕೆ ಅದು ಹಣದ ಕೆಲಸವಾಗಿತ್ತು. ಈ ಕಾಯಿದೆ ಶೇಂದಿಗೆ ಕೊಟ್ಟ ಲಕ್ಷಣವನ್ನು ವ್ಯಾಕರಣದ ಸೂತ್ರದಂತೆ ಒಂದೊಂದು ಪದವನ್ನೂ ತೂಗಿ ನೋಡಬೇಕು. ತೆಂಗು, ತಾಳೆ, ಈಚಲು ಮುಂತಾದ ಯಾವುದೇ ತಾಳಜಾತಿಯ ಮರದಿಂದ ಇಳಿಸಿದ, ಹುಳಿತ ಅಥವಾ ಹುಳಿಯದ ರಸವೆಲ್ಲ ಶೇಂದಿ. ‘ಅಥವಾ ಹುಳಿಯದ’ ಎಂಬ ಎರಡು ಪದಗಳಲ್ಲಿ ಎಲ್ಲವೂ ಅಡಗಿದೆ. ಹಸುವಿನ ಕೆಚ್ಚಲಿನಲ್ಲಿರುವ ಹಾಲನ್ನು ಮಜ್ಜಿಗೆಯೆಂದು ಕರೆದಂತಾಯಿತು ಇದು. ಪ್ರಕೃತಿ ಇನ್ನೂ ಮದ್ಯ ಮಾಡದ ಸಿಹಿನೀರನ್ನು ಕಾನೂನು ಮೊದಲೇ ಮದ್ಯವೆಂದು ಹೆಸರಿಸಿಬಿಟ್ಟಿತು.

ಹೀಗೇಕೆ ಮಾಡಿದರು? ಕೇವಲ ದುರ್ಬುದ್ಧಿಯಿಂದ ಎನ್ನುವುದು ಸುಲಭ, ಆದರೆ ಸರಿಯಲ್ಲ. ಸಾರಾಯಿಯನ್ನು ಭಟ್ಟಿಯಿಂದ ಹೊರಡುವಾಗ ಅಳೆಯಬಹುದು, ಪೀಪಾಯಿಯಲ್ಲಿ ಮುದ್ರೆಯೊತ್ತಿ ಇಡಬಹುದು, ಆರು ತಿಂಗಳ ಬಳಿಕವೂ ಅದು ಸಾರಾಯಿಯೇ. ಬೆಳಿಗ್ಗೆ ಒಂದಾಗಿ ಸಂಜೆಗೆ ಇನ್ನೊಂದಾಗುವ ಕಳ್ಳನ್ನು ಯಾವ ಅಮಲ್ದಾರನು ಯಾವ ಗಳಿಗೆಯಲ್ಲಿ ಅಳೆಯಬೇಕು? ಸಾವಿರಾರು ಹಿತ್ತಿಲುಗಳ ಗಡಿಗೆಗಳನ್ನು ಮೂಸಿನೋಡಲು ಎಷ್ಟು ಮಂದಿ ಪೇದೆಗಳು ಬೇಕು? ಚಲಿಸದೆ ನಿಂತಿರುವುದು ಮರ ಒಂದೇ. ಆದುದರಿಂದ ಸರಕಾರವು ರಸವನ್ನು ಬಿಟ್ಟು ಮರವನ್ನೇ ಹಿಡಿಯಿತು. ಕಳ್ಳಿನ ಮರಗಳಿಗೆ ಸಂಖ್ಯೆ ಹಾಕಿ, ಮರವೊಂದಕ್ಕೆ ಇಷ್ಟೆಂದು ಮರದೆರಿಗೆ ವಿಧಿಸಿತು. ಪರವಾನಗಿಯಿಲ್ಲದೆ ಹೊಂಬಾಳೆಗೆ ಕತ್ತಿ ತಾಗಿಸುವಂತಿಲ್ಲವೆಂದಾಯಿತು. ಮಾರುವ ಹಕ್ಕು ಏಲಮಿನಲ್ಲಿ ಗುತ್ತಿಗೆದಾರನಿಗೆ ಹೋಯಿತು. ಬೆಲ್ಲಕ್ಕಾಗಿ ಸಿಹಿರಸ ಇಳಿಸುವವರಿಗೆ ಒಂದು ವಿನಾಯಿತಿ ದೊರೆಯಿತು. ಅದಕ್ಕೂ ಗಡಿಗೆಯ ಒಳಮೈಗೆ ಹೊಸದಾಗಿ ಸುಣ್ಣ ಬಳಿದಿರಬೇಕೆಂಬ ಕಟ್ಟು. ಸುಣ್ಣದ ಕ್ಷಾರ ರಸವನ್ನು ಹುಳಿಯಗೊಡುವುದಿಲ್ಲ. ಹೀಗೆ ಗಡಿಗೆಯೊಳಗಿನ ಬಿಳಿಯ ಲೇಪವೊಂದು ಮರ ಹತ್ತಿದವನು ಕಸುಬುದಾರನೋ ಅಪರಾಧಿಯೋ ಎಂಬುದನ್ನು ನಿರ್ಧರಿಸುವ ಸಾಕ್ಷಿಯಾಯಿತು.

ಇಂಗ್ಲೆಂಡಿನಲ್ಲಿಯೂ ಅದೇ ಬುದ್ಧಿ ಓಡಿತ್ತೆಂಬುದು ಸ್ವಾರಸ್ಯದ ಸಂಗತಿ. ಮದ್ರಾಸಿನ ಕಾಯಿದೆಗೆ ಆರು ವರ್ಷ ಮುಂಚೆ, 1880ರಲ್ಲಿ, ಗ್ಲಾಡ್‌ಸ್ಟನ್ನನ ಸರಕಾರವು ಬಿಯರಿನ ಸುಂಕವನ್ನು ಹೊಸದಾಗಿ ಗೊತ್ತುಪಡಿಸಿತು. ಅಳೆದುದು ಬಿಯರನ್ನಲ್ಲ, ಯೀಸ್ಟು ಸೇರುವ ಮೊದಲಿನ ಸಿಹಿರಸದ ಸಾಂದ್ರತೆಯನ್ನು. ಮನೆಯಲ್ಲಿ ಮಾಡಿಕೊಳ್ಳುವವರೂ ಪರವಾನಗಿ ಪಡೆಯಬೇಕೆಂಬ ನಿಯಮವೂ ಆಗಲೇ ಬಂದಿತು. ಹುದುಗು ಏಳುವ ಮೊದಲೇ ಹಿಡಿದರೆ ಲೆಕ್ಕ ತಪ್ಪುವುದಿಲ್ಲವೆಂದು ಎರಡು ಕಡೆಯ ಅಧಿಕಾರಿಗಳಿಗೂ ಹೊಳೆದಿತ್ತು. ಆದರೆ ಮುಂದೆ ದಾರಿಗಳು ಬೇರೆಯಾದವು. 1963ರಲ್ಲಿ ಬ್ರಿಟಿಷ್ ಅರ್ಥಸಚಿವ ಮಾಡ್ಲಿಂಗನು ಮನೆಬಳಕೆಯ ಬಿಯರಿಗೆ ಪರವಾನಗಿ ಬೇಡವೆಂದು ಸಾರಿದನು. ಅಮೇರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರರು ಸಹಿ ಹಾಕಿದ ಮಸೂದೆಯಿಂದ ಮನೆಗಳಿಗೆ ಅದೇ ಸ್ವಾತಂತ್ರ್ಯ ಬಂದಿತು. ಮೇಲೆ ಹೇಳಿದ ಡಬ್ಬದ ವ್ಯಾಪಾರ ಬೆಳೆದುದು ಇಂಥ ಸಡಿಲಿಕೆಗಳ ನೆರಳಿನಲ್ಲಿ.

ನಮ್ಮಲ್ಲಿ ಕಳ್ಳಿನ ಮರದ ಮೇಲೆ ಎರಡು ಬಗೆಯ ಕಣ್ಣುಗಳು ಬಿದ್ದಿದ್ದವು. ಒಂದು ಬೊಕ್ಕಸದ ಕಣ್ಣು, ಇನ್ನೊಂದು ಸುಧಾರಕರ ಕಣ್ಣು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದ ನಾರಾಯಣ ಗುರುಗಳು, ಕಳ್ಳನ್ನು ಕುಡಿಯುವುದನ್ನು ಮಾತ್ರವಲ್ಲ, ಇಳಿಸುವುದನ್ನೂ ಬಿಡಬೇಕೆಂದು ತಮ್ಮ ಜನರಿಗೆ ಬೋಧಿಸಿದರು. ಮರ ಹತ್ತುವ ಕಸುಬೇ ಜಾತಿಯ ಕೀಳ್ಮೆಯ ಗುರುತಾಗಿದ್ದ ಕಾಲದಲ್ಲಿ ಆ ಮಾತಿಗೆ ಇದ್ದ ತೂಕವನ್ನು ಇಂದು ಕುಳಿತು ವಿಮರ್ಶಿಸುವವರು ಅರಿತಿರಬೇಕು. ಅಕ್ಷರ ಕಲಿತು ಮರದಿಂದ ಇಳಿದವರ ಮಕ್ಕಳು ಇಂದು ನಮ್ಮ ಶಾಲೆಗಳಲ್ಲಿ ಅಧ್ಯಾಪಕರಾಗಿದ್ದಾರೆ. ರಾಷ್ಟ್ರೀಯ ಚಳವಳಿಯಲ್ಲಿ ಗಡಂಗುಗಳ ಮುಂದೆ ಪಿಕೆಟಿಂಗ್ ನಡೆಯಿತು. ಮೈಸೂರು ಸಂಸ್ಥಾನದ ತುರುವನೂರಿನಲ್ಲಿ 1939ರಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನೇ ಕಡಿದರು. ಬೊಕ್ಕಸಕ್ಕೆ ಮರ ಹುಟ್ಟುವಳಿಯ ಬೇರು, ಸುಧಾರಕರಿಗೆ ಪಾಪದ ಬೇರು. ಸಾನ್ನಾಂಗೆ ಒಂದು ಕುಡ್ತೆ ಕಳ್ಳು ಬೇಕಾದ ಗೃಹಿಣಿಯ ಮಾತು ಎರಡು ಪಕ್ಷದವರ ಸಭೆಯಲ್ಲಿಯೂ ಏಳಲಿಲ್ಲ.

ಮದ್ರಾಸಿನ ಪ್ರಧಾನಿಯಾಗಿದ್ದ ರಾಜಗೋಪಾಲಾಚಾರ್ಯರು 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದರು. ಯುದ್ಧದ ಕಾಲದಲ್ಲಿ ಅದು ನಿಂತುಹೋಗಿ, ಸ್ವಾತಂತ್ರ್ಯದ ಅನಂತರ 1948ರ ಅಕ್ಟೋಬರ್ 2ರ ಹೊತ್ತಿಗೆ ಪ್ರಾಂತವಿಡೀ ಹಬ್ಬಿತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕನ್ನಡಿಗರ ಕೂಗನ್ನು ಮೀರಿ ಕೇರಳಕ್ಕೆ ಸೇರಿದಾಗ, ನಮ್ಮ ಮರಗಳು ಮದ್ರಾಸಿನ ನಿರೋಧ ಕಾಯಿದೆಯನ್ನು ಹೊತ್ತುಕೊಂಡೇ ರಾಜ್ಯ ಬದಲಿಸಿದವು. ಕೇರಳವು 1967ರಲ್ಲಿ ಮಲಬಾರಿನ ಭಾಗದಿಂದ ನಿರೋಧವನ್ನು ತೆಗೆದು, ಹಳೆಯ ಕೊಚ್ಚಿ ಸಂಸ್ಥಾನದ ಅಬ್ಕಾರಿ ಕಾಯಿದೆಯನ್ನು ರಾಜ್ಯವಿಡೀ ವಿಸ್ತರಿಸಿತು. ಆ ಕಾಯಿದೆ ಕೊಲ್ಲವರ್ಷ 1077ರ ಒಂದನೆಯದು, ಎಂದರೆ 1901-02ರದ್ದು. ಕೊಚ್ಚಿಯ ರಾಜರ ಆಳ್ವಿಕೆಯನ್ನು ಎಂದೂ ಕಂಡರಿಯದ ಕುಂಬಳೆ ಸೀಮೆಯ ತೆಂಗುಗಳು ಇಂದಿಗೂ ಕೊಚ್ಚಿಯ ರಾಜಶಾಸನಕ್ಕೆ ಒಳಪಟ್ಟಿವೆ. ಚಂದ್ರಗಿರಿಯಿಂದ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗವು ವರದಿ ಕೊಟ್ಟುದೂ ಅದೇ 1967ರಲ್ಲಿ. ವರದಿ ಕಾಗದದಲ್ಲಿ ಉಳಿಯಿತು, ಕಾಯಿದೆ ಮರವನ್ನೇರಿತು.

ಗಡಂಗುಗಳು ತೆರೆದವು, 1969ರ ಕ್ಷೇಮನಿಧಿ ಕಾಯಿದೆಯಿಂದ ಕಳ್ಳಿನ ಕಾರ್ಮಿಕರಿಗೆ ಸ್ವಲ್ಪ ಆಸರೆಯೂ ದೊರೆಯಿತು. ಇದನ್ನು ಕೇರಳದ ಹಿರಿಮೆಯೆಂದೇ ಹೇಳಬೇಕು. ಆದರೆ ಶಬ್ದಲಕ್ಷಣ ಬದಲಾಗಲಿಲ್ಲ. ಕೊಚ್ಚಿಯ ಕಾಯಿದೆಯಲ್ಲಿಯೂ ಹುಳಿತ ಅಥವಾ ಹುಳಿಯದ ರಸವೆಲ್ಲ ಕಳ್ಳೇ. ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸಿದವನಿಗೆ ಅದರ 55ನೆಯ ವಿಧಿಯ ಪ್ರಕಾರ ಹತ್ತು ವರ್ಷಗಳವರೆಗಿನ ಸೆರೆಮನೆ, ಒಂದು ಲಕ್ಷ ರೂಪಾಯಿಗೆ ಕಡಮೆಯಿಲ್ಲದ ದಂಡ. ಆಸ್ಟ್ರೇಲಿಯಾದ ಡಬ್ಬವನ್ನು ಯಾರಾದರೂ ಕಾಸರಗೋಡಿಗೆ ತಂದು ಯೀಸ್ಟು ಉದುರಿಸಿದರೆ ಆಗುವ ಗತಿ ಇದು. ಇತ್ತ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಮಾರ್ಗ ಸುಗಮವಾಗಿತ್ತು. 1915ರಲ್ಲಿ ಲೀಶ್‌ಮನ್ ಎಂಬಾತ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್ ಕಂಪನಿಗೆ ಸ್ವಾತಂತ್ರ್ಯದ ಹೊತ್ತಿನಲ್ಲಿ ಒಡೆಯರಾದವರು ನಮ್ಮ ನೆರೆಯ ಬಂಟ್ವಾಳದ ಮನೆತನದ ವಿಠಲ ಮಲ್ಯರು. ಕರಾವಳಿಯ ವ್ಯಾಪಾರಿ ಬುದ್ಧಿ ಬಾರ್ಲಿಯ ರಸದಲ್ಲಿ ಐಶ್ವರ್ಯವನ್ನು ಕಂಡಿತು. ಕರಾವಳಿಯ ತೆಂಗಿನ ರಸ ಪರವಾನಗಿಯ ಕಾಗದಕ್ಕೆ ಕಾಯುತ್ತ ಕುಳಿತಿತು.

ಸಿಹಿರಸದ ಈ ಪ್ರಶ್ನೆಗೆ ರಕ್ತದ ಬೆಲೆಯನ್ನು ತೆತ್ತವರೂ ಉಂಟು. 1998ರ ಸುಮಾರಿಗೆ ತೆಂಗಿನ ಕಾಯಿಗೆ ನುಸಿಪೀಡೆ ತಗಲಿ, ಕಾಯಿ ಗಿಡ್ಡಾಗಿ ಬಿರಿದು, ಕೇರಳ ಕರ್ನಾಟಕಗಳ ಬೆಳೆಗಾರರು ಕೈಸೋತರು. ಕಾಯಿ ಕೈಕೊಟ್ಟಾಗ ಹೊಂಬಾಳೆಯ ರಸವನ್ನಾದರೂ ಇಳಿಸಿ ನೀರಾವೆಂದು ಮಾರಲು ಬಿಡಿರೆಂದು ಕರ್ನಾಟಕದ ರೈತರು ಕೇಳಿದರು. ಹುಳಿಯದ ರಸ ಮದ್ಯವಲ್ಲವೆಂಬುದು ಅವರ ವಾದ. ಮರದಿಂದ ಇಳಿದ ಮೇಲೆ ಹುಳಿಯದಿರುವುದೆಂಬ ಭರವಸೆಯೇನು ಎಂಬುದು ಸರಕಾರದ ಶಂಕೆ. 2001ರ ಅಕ್ಟೋಬರಿನಲ್ಲಿ ಚನ್ನಪಟ್ಟಣ ತಾಲೂಕಿನ ವಿಠಲೇನಹಳ್ಳಿಯಲ್ಲಿ ಪೋಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದರು. ಮದ್ಯದ ಲಕ್ಷಣವಾಕ್ಯದಲ್ಲಿ ಎರಡು ಪದ ಇರಬೇಕೋ ಬೇಡವೋ ಎಂಬುದು ಪಂಡಿತರ ಚರ್ಚೆಯಷ್ಟೇ ಅಲ್ಲವೆಂದು ಅಂದು ತಿಳಿಯಿತು. ಕೇರಳ ಸರಕಾರವು 2014ರಲ್ಲಿ ನೀರಾ ನಿಯಮಗಳನ್ನು ಹೊರಡಿಸಿ, ಹುಳಿಯದಂತೆ ಕಾಪಾಡಿದ ರಸಕ್ಕೆ ಬೇರೆ ಹೆಸರನ್ನೂ ಬೇರೆ ಪರವಾನಗಿಯನ್ನೂ ಕೊಟ್ಟಿತು.

ಸರಕಾರದ ಶಂಕೆಗೆ ಸಮಾಧಾನ ಹುಟ್ಟಿದುದು ನಮ್ಮ ಊರಿನಲ್ಲಿಯೇ. ಮದ್ರಾಸು ಸರಕಾರವು 1916ರಲ್ಲಿ ಕಾಸರಗೋಡು, ಪಿಲಿಕೋಡು, ನೀಲೇಶ್ವರಗಳಲ್ಲಿ ತೆಂಗಿನ ಸಂಶೋಧನಾ ಕ್ಷೇತ್ರಗಳನ್ನು ತೆರೆದಿತ್ತು. ಅವುಗಳಲ್ಲಿ ಕಾಸರಗೋಡಿನದು, ಕೂಡ್ಲಿನಲ್ಲಿರುವುದು, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಅಲ್ಲಿಯ ವಿಜ್ಞಾನಿಗಳು ಮಾಡಿದ ಉಪಾಯ ನೋಡಿದರೆ ಇಷ್ಟೇ ತಾನೆ ಎನಿಸುವಷ್ಟು ಸರಳ. ಒಂದು ಪ್ಲಾಸ್ಟಿಕ್ ಕೊಳವೆಯ ಕೆಳತುದಿಯನ್ನು ಅಗಲಿಸಿ ಪೆಟ್ಟಿಗೆಯಾಗಿಸಿ, ಒಳಗೆ ರಸದ ಪಾತ್ರೆಯನ್ನಿಟ್ಟು, ಸುತ್ತ ಮಂಜುಗಡ್ಡೆ ತುಂಬಿದರು. ಕೊಳವೆಯ ಮೇಲ್ತುದಿಯನ್ನು ಕೊಯ್ದ ಹೊಂಬಾಳೆಗೆ ಜೋಡಿಸಿದರು. ಹನಿ ಬಿದ್ದಲ್ಲಿಯೇ ತಣ್ಣಗಾಗುತ್ತದೆ. ಯೀಸ್ಟು ಸಾಯುವುದಿಲ್ಲ, ಆದರೆ ಚಳಿಗೆ ಮುದುರಿ ಕೆಲಸ ನಿಲ್ಲಿಸುತ್ತದೆ. ಇರುವೆ, ಪರಾಗ, ಧೂಳುಗಳೂ ಒಳಗೆ ಬೀಳುವುದಿಲ್ಲ. ಬಿಳಿಯ ಕಳ್ಳನ್ನು ಕಂಡವರಿಗೆ ಈ ರಸದ ಜೇನುಬಣ್ಣ ಆಶ್ಚರ್ಯ ತರುತ್ತದೆ. ಇದಕ್ಕೆ ಅವರು ಕಲ್ಪರಸವೆಂದು ಹೆಸರಿಟ್ಟರು. ಇದನ್ನೇ ಕಾಯಿಸಿ ತೆಂಗಿನ ಸಕ್ಕರೆಯನ್ನೂ ಮಾಡುತ್ತಾರೆ.

1886ರ ಸುಣ್ಣದ ಗಡಿಗೆಯೂ ಈ ಮಂಜಿನ ಪೆಟ್ಟಿಗೆಯೂ ಮಾಡುವುದು ಒಂದೇ ಕೆಲಸವನ್ನು. ಸುಣ್ಣದ ವಾಸನೆ ಮಾತ್ರ ಇದರಲ್ಲಿಲ್ಲ. ಯುರೋಪಿನವರು ಕಾರ್ಖಾನೆಯಲ್ಲಿ ಸಾಧಿಸಿದ ನಿಲುಗಡೆಯನ್ನು, ಎಂದರೆ ರಸಕ್ಕೂ ಹುದುಗಿಗೂ ನಡುವೆ ಒಂದು ಬಾಗಿಲನ್ನು, ನಮ್ಮವರು ಮರದ ತಲೆಯಲ್ಲಿ ಕಟ್ಟಿದ್ದಾರೆ. ಆ ಬಾಗಿಲನ್ನು ತೆರೆಯುವ ಕೈ ಯಾರದೆಂಬುದು ಬೇರೆ ಮಾತು. ಸಾನ್ನಾಂಗೂ ಅಪ್ಪಕ್ಕೂ ಇಂದು ಬಹುಮಟ್ಟಿಗೆ ಅಂಗಡಿಯ ಯೀಸ್ಟೇ ಗತಿಯಾಗಿದೆ. ಹೊಂಬಾಳೆಯನ್ನು ತಟ್ಟುವ ಹದವನ್ನು ತಂದೆಯಿಂದ ಕಲಿಯುವ ಮಗನೂ ಸಿಗುವುದು ದುರ್ಲಭ. ಅದನ್ನು ಈಗ ತರಬೇತಿಯ ಶಿಬಿರಗಳಲ್ಲಿ ಕಲಿಸಬೇಕಾಗಿದೆ. ಕೊಡತಿಯ ಪೆಟ್ಟು ಎಷ್ಟು ಮೆಲ್ಲಗಿರಬೇಕೆಂಬುದು ಪುಸ್ತಕದಿಂದ ಬರುವುದಿಲ್ಲ. ಕೂಡ್ಲಿನ ತೋಟಕ್ಕೆ ಮಕ್ಕಳನ್ನು ಕರೆದೊಯ್ಯುವ ಅಧ್ಯಾಪಕರು ಕಲ್ಪರಸದ ಒಂದೊಂದು ಲೋಟವನ್ನು ಅವರಿಗೆ ಕುಡಿಸಬಹುದು. ಹಾಗೆ ಕುಡಿಸುವಾಗ, ಮಂಜು ಕರಗಿದ ಕೆಲವು ಗಂಟೆಗಳಲ್ಲಿ ಇದೇ ಲೋಟದಲ್ಲಿ ಏನು ನಡೆಯುತ್ತದೆಂಬುದನ್ನೂ ಧ್ವನಿ ತಗ್ಗಿಸದೆ ಹೇಳಬಹುದು.